ಹುಲ್ಲಿನ ಪಕ್ಕದ ಅವರೆ

ನಮ್ಮ ಮನೆಯ ಮುಂದೆ ಹದಿನೈದು ಅಡಿ ಉದ್ದ, ಎಂಟು ಅಡಿ ಅಗಲದ ಮಣ್ಣಿನ ಜಾಗವೊಂದಿದೆ. ಅಷ್ಟು ಜಾಗದಲ್ಲಿ ಒಬ್ಬ ಮನುಷ್ಯ ಎಷ್ಟು ತಪ್ಪು ಮಾಡಬಹುದೋ ಅಷ್ಟನ್ನೂ ನಾನು ಮಾಡಿ ಮುಗಿಸಿದ್ದೇನೆ. ಇನ್ನೂ ಎರಡು ಅಡಿ ಅಗಲವಿದ್ದಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಒಮ್ಮೊಮ್ಮೆ ಹೆದರಿಕೆಯಾಗುತ್ತದೆ.

ಐವತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ನಮ್ಮ ಬ್ಲಾಕಿನಲ್ಲಿ ಆಗ ರಸ್ತೆಗಳಿಗೆ ಗುರುತಿನ ಕಲ್ಲು ನೆಟ್ಟಿದ್ದರೇ ಹೊರತು ರಸ್ತೆಗಳಿನ್ನೂ ಬಂದಿರಲಿಲ್ಲ. ನಮ್ಮದು ಬೇಸಾಯದ ಮನೆತನ. ಮಾಗಡಿ ರಸ್ತೆ ದಾಟಿ ಮಾರೇನಹಳ್ಳಿಯ ಕಡೆ ಹೋಗುವಲ್ಲಿ ಎರಡೂವರೆ ಎಕರೆ ಹೊಲವಿತ್ತು. ಅಪ್ಪ ಹೋದ ಮೇಲೆ ಅವ್ವನೇ ನಿಂತು ರಾಗಿ ಬೆಳೆಸುತ್ತಿದ್ದಳು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ಹಾಕಿಸುತ್ತಿದ್ದಳು. ನಾನು ನಾಲ್ಕಕ್ಷರ ಕಲಿತು ಕಚೇರಿಯ ಗುಮಾಸ್ತನಾದೆ. ಹೊಲಕ್ಕೂ ನನಗೂ ಇದ್ದ ಸಂಬಂಧವೆಂದರೆ ಊಟದ ತಟ್ಟೆಯದಷ್ಟೆ. ಬಡಾವಣೆ ಬಂತು, ಹೊಲ ಹೋಯಿತು, ನಮಗೊಂದು ಸೈಟು ಸಿಕ್ಕಿತು. ಅದರ ಮೇಲೆ ಮೂರು ಕೋಣೆಯ ಮನೆ ಎದ್ದಿತು.

ಗೃಹಪ್ರವೇಶದ ದಿನ ಹೆಂಡತಿ ಹಾಲಿನ ಪಾತ್ರೆ ಹಿಡಿದು ಒಳಗೆ ಬಂದರೆ, ಅವ್ವ ಹಿಂದಿನಿಂದ ಒಂದು ಮಣ್ಣಿನ ಕುಡಿಕೆ ಹಿಡಿದು ಬಂದಳು. ಬಾಯಿಗೆ ಬಟ್ಟೆ ಕಟ್ಟಿತ್ತು. ಒಳಗೆ ಬೂದಿ, ಬೂದಿಯೊಳಗೆ ಎರಡು ಹಿಡಿ ಅವರೆ ಬೀಜ.

“ನಮ್ ಹೊಲದ್ದು ಕಣಪ್ಪ. ಕೊನೇ ಕುಯ್ಲಿನದು. ಇನ್ನೆಲ್ಲೂ ಇಲ್ಲ” ಎಂದಳು. “ಹೆಚ್ಚಂದ್ರೆ ಎಲ್ಡು ವರ್ಸ ತಡೀತದೆ. ಆಮೇಕೆ ಮಣ್ಣಿಗಾಕಿದ್ರೂ ಮೊಳ್ಯಾಕಿಲ್ಲ.”

ಅವಳ ಕೈಯ ವಿಷಯ ಇಲ್ಲಿ ಹೇಳಬೇಕು. ಅವ್ವನ ಕೈಗುಣ ಊರಿಗೆಲ್ಲ ಗೊತ್ತಿದ್ದ ಸಂಗತಿ. ಬಿತ್ತನೆಯ ದಿನ ಮೊದಲ ಹಿಡಿ ಅವಳ ಕೈಯಿಂದಲೇ ಬೀಳಲಿ ಎಂದು ಅಕ್ಕಪಕ್ಕದ ಹೊಲದವರು ಬಂದು ಕರೆಯುತ್ತಿದ್ದರು. ಅಪ್ಪ ಹೋದ ಮೇಲೆ ಅವಳಿಂದ ಕುಂಕುಮ ಹೋಯಿತು, ಹೂ ಹೋಯಿತು, ಹಸೆಮಣೆಯ ಹತ್ತಿರ ನಿಲ್ಲುವುದು ಹೋಯಿತು. ಆದರೆ ಶುಭ ಕೆಲಸಕ್ಕೆ ಗಂಡ ಸತ್ತವಳನ್ನು ಕರೆಯದ ಆ ಊರಿನಲ್ಲೂ ಬಿತ್ತನೆಗೆ ಅವಳನ್ನು ಕರೆಯುವುದು ಮಾತ್ರ ನಿಲ್ಲಲಿಲ್ಲ. ಊರು ಅವಳಿಗೆ ಬಿಟ್ಟುಕೊಟ್ಟಿದ್ದು ಅದೊಂದನ್ನೇ. ಅದನ್ನು ನಾನು ಕಸಿದುಕೊಂಡೆ. ಬೇಕೆಂದು ಅಲ್ಲ, ನನ್ನ ಎಲ್ಲ ಕೆಲಸಗಳಂತೆ ಅತಿಯಾದ ಎಚ್ಚರಿಕೆಯಿಂದ.

ಆಷಾಢ ಬಂತು. ಅವ್ವ ಕುಡಿಕೆಯ ಬಟ್ಟೆ ಬಿಚ್ಚುವ ಯೋಚನೆಯಲ್ಲಿದ್ದಳು. ಅದೇ ವಾರ ಎದುರು ಮನೆಯವರು ಒಂದು ಹುಲ್ಲಿನ ಬುಡವನ್ನು ಗೋಣಿಚೀಲದಲ್ಲಿ ಸುತ್ತಿ ತಂದುಕೊಟ್ಟರು. ಅವರು ದೊಡ್ಡವರ ಬಂಗಲೆಗಳ ತೋಟ ನೋಡಿಕೊಂಡಿದ್ದು ನಿವೃತ್ತರಾದವರು, ಮಾತು ಕಡಿಮೆ, ಗತ್ತು ಜಾಸ್ತಿ. “ಪಂಪಾಸ್ ಹುಲ್ಲು ಸ್ವಾಮಿ. ಇದು ಸಿಗಲ್ಲ. ನಿಮ್ಮನೆ ಮುಂದೆ ಚೆನ್ನಾಗಿ ಕಾಣ್ಸುತ್ತೆ” ಎಂದರು. ‘ಕಾಣ್ಸುತ್ತೆ’ ಎಂಬ ಮಾತು ನನ್ನ ತಲೆಗೆ ಹೋಯಿತು.

ಕಚೇರಿಯ ಅಭ್ಯಾಸ. ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆದೆ. ಎಡಕ್ಕೆ ಹುಲ್ಲು, ಬಲಕ್ಕೆ ಅವರೆ. ಅವರೆಗೆ ಚಪ್ಪರ ಬೇಕು. ಚಪ್ಪರ ಹಾಕಿದರೆ ಮನೆ ಹಳ್ಳಿಯದಂತೆ ಕಾಣುತ್ತದೆ. ಹುಲ್ಲಿಗೆ ಏನೂ ಬೇಡ, ನೀರು ಕೂಡ ಅಷ್ಟಕ್ಕಷ್ಟೆ. ಅವರೆಗೆ ಹೇನು ಮುತ್ತುತ್ತದೆ, ಹುಳು ಬೀಳುತ್ತದೆ, ಹುಳಕ್ಕೆ ಓತಿಕ್ಯಾತ ಬರುತ್ತದೆ, ಓತಿಕ್ಯಾತನ ಹಿಂದೆ ಹಾವು ಬರಬಹುದು. ಇಲ್ಲಿ ನಾನು ‘ಹಾವು’ ಎಂಬುದರ ಕೆಳಗೆ ಎರಡು ಗೆರೆ ಎಳೆದೆ. ಅವರೆ ತಿನ್ನಬಹುದು ಎಂಬುದನ್ನೂ ಬರೆದೆ, ಅನ್ಯಾಯ ಮಾಡಲಿಲ್ಲ. ಆದರೆ ಅವರೆಕಾಯಿ ಸಂತೆಯಲ್ಲೂ ಸಿಗುತ್ತದೆ ಎಂದು ಅದರ ಮುಂದೆಯೇ ಸೇರಿಸಿದೆ. ಕುಡಿಕೆಯ ಬೀಜ ಸಂತೆಯಲ್ಲಿ ಸಿಗುವುದಿಲ್ಲ ಎಂಬ ಮಾತು ಆ ಹಾಳೆಯ ಯಾವ ಕಡೆಯಲ್ಲೂ ಇರಲಿಲ್ಲ. ಹೆಂಡತಿ ಹಾಳೆಯನ್ನು ನೋಡಿ, “ಇದ್ರ ಮೇಲೆ ಯಾರ ರುಜು ಬೇಕು ರೀ?” ಎಂದು ಕೇಳಿದಳು.

ಹುಲ್ಲು ನೆಟ್ಟೆ. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

“ಏನ್ಲಾ ಮಗ ಇದು?”

“ಹುಲ್ಲು ಅವ್ವ. ಚಾಮರದ ಹಂಗೆ ತೆನೆ ಬಿಡ್ತದಂತೆ.”

“ತೆನೇಲಿ ಕಾಳು ಬರ್ತದಾ?”

“ಇಲ್ಲ.”

“ದನ ತಿಂತದಾ?”

“ಗೊತ್ತಿಲ್ಲ.”

“ಮತ್ಯಾತಕ್ಕೆ?”

“ನೋಡಕ್ಕೆ.”

ಅವ್ವ ಹುಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. “ಸರಿ. ನೋಡು” ಎಂದು ಒಳಗೆ ಹೋದಳು.

ಮಾರನೆಯ ದಿನ ಬೀದಿಯ ಹಸುವೊಂದು ಬೇಲಿಯೊಳಗೆ ಮುಖ ತೂರಿಸಿ ಹುಲ್ಲನ್ನು ಮೂಸಿ, ಮುಖ ತಿರುಗಿಸಿಕೊಂಡು ಹೋಯಿತು. ದನದ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು. ಅವರೆಯನ್ನು ಮುಂದಿನ ವರ್ಷ ಖಂಡಿತ ಹಾಕೋಣ ಎಂದೆ. ಅವ್ವ ಕುಡಿಕೆಯ ಬಾಯಿಗೆ ಇನ್ನೊಂದು ಸುತ್ತು ಬಟ್ಟೆ ಕಟ್ಟಿದಳು.

ಆ ವರ್ಷದ ಚಳಿಗಾಲದಲ್ಲಿ ಸಂತೆಯ ಅವರೆಕಾಯಿ ತಂದೆವು. ಅವ್ವ ಜಗಲಿಯ ಮೇಲೆ ಕೂತು ಸುಲಿದು, ಸಿಪ್ಪೆಯನ್ನೆಲ್ಲ ಬೀದಿಗೆ ಚೆಲ್ಲಿದಳು. ಹೋಗಿಬರುವವರು ಸಿಪ್ಪೆ ತುಳಿದಷ್ಟೂ ಅವರೆಗೆ ಸೊಗಡು ಹೆಚ್ಚು ಎಂಬುದು ನಮ್ಮ ಕಡೆಯ ನಂಬಿಕೆ. ಸೊಗಡೆಂದರೆ ಇಬ್ಬನಿ ಬಿದ್ದ ಕಾಯಿಯ ಮೇಲಿನ ಎಣ್ಣೆಯಂಥ ವಾಸನೆ. ಸುಲಿದ ಬೆರಳಿಗೆ ಹತ್ತಿದರೆ ಎರಡು ದಿನ ಹೋಗದು. ಎದುರು ಮನೆಯವರು ಪಂಚೆ ಎತ್ತಿಕೊಂಡು ಸಿಪ್ಪೆ ದಾಟಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಬೆಳಗ್ಗೆ ಬೇಗನೆ ಎದ್ದು, ಯಾರೂ ತುಳಿಯುವ ಮೊದಲೇ ಗುಡಿಸಿಹಾಕಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಊಟದ ಹೊತ್ತಿಗೆ ಸಾರಿಗೆ ಸೊಗಡು ಸಾಲದು ಎಂದಳು, ಅಷ್ಟೆ.

ಹುಲ್ಲು ಬೆಳೆಯಿತು. ಆ ವೇಗಕ್ಕೆ ನಾನು ಸಿದ್ಧನಿರಲಿಲ್ಲ. ಬೇಸಿಗೆಯ ಹೊತ್ತಿಗೆ ನನ್ನ ತಲೆಯ ಮೇಲಕ್ಕೆ ಹೋಗಿತ್ತು. ಬೆಳ್ಳಿಯಂಥ ತೆನೆಗಳು ಗಾಳಿಗೆ ತೂಗುತ್ತಿದ್ದವು, ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅವ್ವನ ಅಭಿಪ್ರಾಯ ಒಂದೇ ಮಾತಿನದು: “ಕಬ್ಬಿಲ್ದಿರೋ ಸೂಲಂಗಿ.” ಸೂಲಂಗಿ ಎಂದರೆ ಕಬ್ಬಿನ ತುದಿಯಲ್ಲಿ ಬಿಡುವ ಹೂತೆನೆ. ಗರಿಯ ಅಂಚು ಕುಡುಗೋಲಿನಷ್ಟು ಹರಿತ, ಒಣಗಿದ್ದನ್ನು ಕಿತ್ತುಹಾಕಲು ಹೋಗಿ ನಾನು ಮೂರು ಸಲ ಬೆರಳು ಕೊಯ್ದುಕೊಂಡೆ. ಅದೆಲ್ಲ ಇರಲಿ. ನನ್ನ ನಿದ್ದೆ ಕೆಡಿಸಿದ್ದು ಬೇರೆ. ಅಷ್ಟು ದಟ್ಟವಾದ ಹುಲ್ಲಿನ ಹಿಂದೆ ಒಬ್ಬ ಕಳ್ಳ ಆರಾಮವಾಗಿ ಕೂರಬಹುದು. ಇಬ್ಬರೂ ಕೂರಬಹುದು. ಒಮ್ಮೆ ಈ ಯೋಚನೆ ಬಂದ ಮೇಲೆ, ಕತ್ತಲಾದರೆ ಸಾಕು, ಹುಲ್ಲು ಸರಸರ ಎಂದಾಗಲೆಲ್ಲ ಯಾರೋ ಕಾಲು ಬದಲಿಸಿ ಕೂತಂತೆ ಕೇಳುತ್ತಿತ್ತು. ಹುಲ್ಲನ್ನು ಕಡಿಯಬಹುದಿತ್ತು. ಕಡಿದರೆ ಎದುರು ಮನೆಯವರು ಏನೆಂದುಕೊಂಡಾರು ಎಂಬ ಇನ್ನೊಂದು ಚಿಂತೆ ಅಡ್ಡ ಬಂತು. ಹಾಗಾಗಿ ದೀಪದ ಕಚೇರಿಗೆ ಅರ್ಜಿ ಬರೆದೆ: ನಮ್ಮ ಮನೆಯ ಮುಂದೆ ಒಂದು ಬೀದಿ ದೀಪ ಬೇಕು, ನಾಗರಿಕರ ಸುರಕ್ಷತೆಯ ದೃಷ್ಟಿಯಿಂದ ಅತ್ಯಗತ್ಯ. ನಾಗರಿಕರು ಎಂದರೆ ನಾನು.

ನನ್ನ ಜೀವನದಲ್ಲಿ ಬೇಗನೆ ಫಲಿಸಿದ ಅರ್ಜಿ ಅದೊಂದೇ. ಆಷಾಢದಲ್ಲಿ ನಮ್ಮ ಗೇಟಿನ ಪಕ್ಕಕ್ಕೇ ಕಂಬ ನೆಟ್ಟು, ತಗಡಿನ ಟೋಪಿಯ ಕೆಳಗೆ ದೊಡ್ಡ ಬಲ್ಬು ಹಾಕಿ ಹೋದರು. ಅದೇ ವಾರ ಅವ್ವ ಕುಡಿಕೆ ಬಿಚ್ಚಿದಳು. ಈ ಸಲ ನಾನು ಅಡ್ಡ ಬರಲಿಲ್ಲ. ಹುಲ್ಲಿನ ಪಕ್ಕ ಉಳಿದಿದ್ದ ಜಾಗವನ್ನೆಲ್ಲ ಅವಳಿಗೇ ಬಿಟ್ಟೆ, ಚಪ್ಪರಕ್ಕೆ ಬೊಂಬು ತಂದುಕೊಟ್ಟೆ. ಅವಳು ಪೂರ್ವಕ್ಕೆ ಮುಖ ಮಾಡಿ, ಬೀಜವನ್ನು ಹಣೆಗೆ ಒತ್ತಿಕೊಂಡು, ಒಂದೊಂದೇ ಊರಿದಳು. ಎರಡು ಹಿಡಿಯನ್ನೂ. ಬದುಕಿಡೀ ಬೇಡದ್ದಕ್ಕೆಲ್ಲ ಚಿಂತೆ ಮಾಡಿದ ನಾನು, ಒಂದು ಹಿಡಿ ಹಿಂದಕ್ಕಿಡು ಅವ್ವ ಎಂದು ಆ ದಿನ ಹೇಳಲಿಲ್ಲ. ನನಗೆ ಹೊಳೆಯಲೇ ಇಲ್ಲ.

ಸಂಜೆ ದೀಪ ಹತ್ತಿತು. ಮಣ್ಣಿನ ಮೇಲೆ ಅವಳು ಊರಿದ ಗುಳಿಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ಅವ್ವ ಜಗಲಿಯ ಮೇಲೆ ಕೂತು ಮೇಲಕ್ಕೆ ನೋಡಿ, “ಒಳ್ಳೇದಾಯ್ತು ಕಣ್ಲಾ. ನಮ್ಮನೆ ಮುಂದೆ ದಿನಾಲೂ ಹುಣ್ಮೆ” ಎಂದಳು.

ಬೀಜ ಒಂದೂ ಬಿಡದೆ ಮೊಳೆಯಿತು. ಬಳ್ಳಿ ಚಪ್ಪರ ಹತ್ತಿತು, ಚಪ್ಪರ ತುಂಬಿ ಬೇಲಿಯ ಮೇಲೆ ಹರಿಯಿತು. ಅಂಗೈ ಅಗಲದ ಕಡುಹಸಿರು ಎಲೆ. ದಸರಾ ಹೊತ್ತಿಗೆ ಬೀದಿಯಲ್ಲಿ ಹೋಗುವವರು ಹುಲ್ಲನ್ನು ಬಿಟ್ಟು ಅವರೆಯನ್ನು ನೋಡತೊಡಗಿದರು. ಅವ್ವ ಎಲ್ಲರಿಗೂ ಹೇಳುತ್ತಿದ್ದಳು, “ಹೂವಾಗ್ಲಿ ತಡೀರಿ. ಸೊಗಡು ಆ ತಿರುವಿನ ತಂಕ ಬರ್ತದೆ.”

ಹೂವಾಗಲಿಲ್ಲ.

ಕಾರ್ತಿಕ ಕಳೆಯಿತು. ಹೊಲದಲ್ಲಿದ್ದಾಗ ದೀಪಾವಳಿಯ ಹೊತ್ತಿಗೆ ಬಿಳಿ ಗೊಂಚಲು ಎದ್ದು ನಿಲ್ಲುತ್ತಿದ್ದವು. ಇಲ್ಲಿ ಎಲೆಯ ಮೇಲೆ ಎಲೆ. ಅವ್ವ ಕುಡಿ ಚಿವುಟಿದಳು. ಸೊಕ್ಕು ಇಳಿಯಲಿ ಎಂದು ನೀರು ನಿಲ್ಲಿಸಿದಳು. ಬೂದಿ ಎರಚಿದಳು. ದೃಷ್ಟಿಯಾಗಿದೆ ಎಂದು ಹಳೆಯ ಚಪ್ಪಲಿಯೊಂದನ್ನು ಚಪ್ಪರಕ್ಕೆ ತೂಗುಹಾಕಿದಳು. ಆ ಚಪ್ಪಲಿ ನನ್ನದು. ಇನ್ನೂ ಆರು ತಿಂಗಳು ಬರುತ್ತಿತ್ತು, ಆದರೆ ಕೇಳುವ ಧೈರ್ಯವಾಗಲಿಲ್ಲ. ಧನುರ್ಮಾಸದ ಮಂಜು ಬಿತ್ತು. ಗಾಡಿಗಳಲ್ಲಿ ಅವರೆಕಾಯಿ ಬಂದು ಬೀದಿಯೆಲ್ಲ ಘಮಘಮ ಎಂದಿತು. ಅವ್ವ ಒಂದು ಕಾಯಿಯನ್ನೂ ಮುಟ್ಟಲಿಲ್ಲ. “ನಮ್ದು ಬರ್ಲಿ” ಎಂದಳು.

ಸಂಕ್ರಾಂತಿಯ ದಿನ ಅವರೆಕಾಯಿ ಬೇಯಿಸಲೇಬೇಕು. ಹೆಂಡತಿ ಎರಡು ಸೇರು ತರಿಸಿ ಗೆಣಸು, ಕಡಲೆಕಾಯಿಯ ಜೊತೆ ಬೇಯಲಿಟ್ಟಳು. ಅವ್ವನನ್ನು ಊಟಕ್ಕೆ ಕರೆಯಲು ಹೋದರೆ ಅವಳು ಚಪ್ಪರದ ಕೆಳಗೆ ಕೂತಿದ್ದಳು. ಎರಡೂ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು, ಬೇರೆ ಯಾರದೋ ವಸ್ತುವನ್ನು ನೋಡುವಂತೆ ನೋಡುತ್ತಿದ್ದಳು.

“ನನ್ ಕೈ ಸತ್ತೋಯ್ತು ಕಣಪ್ಪ” ಎಂದಳು.

“ಏನವ್ವ ಹಂಗಂದ್ರೆ. ಬೀಜ ಹಳೇದಾಗಿತ್ತು…”

“ಬೀಜ ಮೊಳೀತಲ್ಲ. ಮಣ್ಣು ಎಲೆ ಕೊಡ್ತಲ್ಲ. ಫಲ ಕೊಡೋದು ಕೈ.”

ಅಂದಿನಿಂದ ಅವಳು ತನ್ನ ಕೈಯನ್ನು ಮನೆಯ ವಸ್ತುಗಳಿಂದ ಹಿಂದಕ್ಕೆ ತೆಗೆದುಕೊಂಡಳು. ಮೊದಲು ಹಾಲಿಗೆ ಹೆಪ್ಪು ಹಾಕುವುದನ್ನು ಬಿಟ್ಟಳು. “ನೀನೇ ಹಾಕವ್ವ, ನಾನಾಕಿದ್ರೆ ಒಡ್ದೋಗ್ತದೆ” ಎಂದು ಸೊಸೆಗೆ ಹೇಳಿದಳು. ಆಮೇಲೆ ಸಾರಿಗೆ ಉಪ್ಪು ಹಾಕುವುದನ್ನು ಬಿಟ್ಟಳು. ಪಕ್ಕದ ಮನೆಯ ಹಸುಗೂಸನ್ನು ತಂದುಕೊಟ್ಟರೆ ಕೈ ಹಿಂದೆ ಕಟ್ಟಿಕೊಂಡು, ನಿಂತಲ್ಲಿಂದಲೇ ಮಾತಾಡಿಸಿದಳು. ಹೆಂಡತಿ ಒಳಗೆ ಬಂದು, “ಏನಾದ್ರೂ ಮಾಡ್ರಿ. ಅತ್ತೆ ಕೂತಲ್ಲೇ ಕರಗಿ ಹೋಗ್ತಾ ಇದಾರೆ” ಎಂದಳು. ನಾನು ಏನು ಮಾಡಲಿ? ಚಿಂತೆ ಮಾಡಿದೆ. ಅದರಲ್ಲಿ ನನಗೆ ಕೈ ಪಳಗಿತ್ತು.

ಒಂದು ವಾರದ ಮೇಲೆ ಎದುರು ಮನೆಯವರು ಹುಲ್ಲಿನ ಯೋಗಕ್ಷೇಮ ವಿಚಾರಿಸಲು ಬಂದರು. ಬಳ್ಳಿಯನ್ನು ನೋಡಿದರು, ಕಂಬವನ್ನು ನೋಡಿದರು.

“ಈ ದೀಪ ಎಷ್ಟೊತ್ತು ಉರಿಯುತ್ತೆ?”

“ರಾತ್ರಿಯೆಲ್ಲ.”

“ಅದಕ್ಕೇ ಮತ್ತೆ. ನಮ್ಮ ಬಂಗಲೆ ತೋಟದಲ್ಲಿ ದೀಪದ ಹತ್ರ ಇಟ್ಟ ಸೇವಂತಿಗೆ ಹೂವೇ ಬಿಡ್ತಿರ್ಲಿಲ್ಲ. ಅದಕ್ಕೆ ದೊಡ್ಡ ರಾತ್ರಿ ಬೇಕು ಸ್ವಾಮಿ, ಕತ್ತಲೆ ಬೇಕು. ಅವರೆಯೂ ಅದೇ ಜಾತಿ ಅಂತ ಕಾಣುತ್ತೆ. ನಿಮ್ಮ ಬಳ್ಳಿಗೆ ಚಳಿಗಾಲ ಬಂದಿರೋದೇ ಗೊತ್ತಿಲ್ಲ.” ಆಮೇಲೆ ಸಹಜವಾಗಿ ಕೇಳಿದರು, “ಯಾರು ಹಾಕ್ಸಿದ್ದು ದೀಪ?”

ಹುಲ್ಲು ನೆಟ್ಟವನು ನಾನು. ಹುಲ್ಲಿಗೆ ಹೆದರಿದವನು ನಾನು. ಹೆದರಿಕೆಗೆ ದೀಪ ತರಿಸಿದವನು ನಾನು. ಇಷ್ಟು ಅಚ್ಚುಕಟ್ಟಾಗಿ ಬೇರೆ ಯಾವ ಕೆಲಸವನ್ನೂ ನಾನು ಮಾಡಿರಲಿಲ್ಲ.

ಅವ್ವನಿಗೆ ಆಗಲೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಮೊದಲು ದೀಪ ತೆಗೆಸಿಬಿಡೋಣ, ಆಮೇಲೆ ಹೇಳಿದರಾಯಿತು ಎಂದು ಮತ್ತೆ ದೀಪದ ಕಚೇರಿಗೆ ಹೋದೆ. ಮೇಜಿನ ಹಿಂದಿದ್ದವರು ಕಡತ ಬಿಚ್ಚಿ ಓದಿದರು.

“ನಾಗರಿಕರ ಸುರಕ್ಷತೆ ಅಂತ ಬರ್ದಿರೋದು ನೀವೇ ಅಲ್ವಾ ಸಾರ್?”

“ಹೌದು.”

“ಈಗ ನಾಗರಿಕರೆಲ್ಲ ಸುರಕ್ಷಿತರಾಗಿಬಿಟ್ರಾ?”

“ಅವರೆಕಾಯಿ ಬಿಡ್ತಾ ಇಲ್ಲ” ಎಂದೆ. ಪಕ್ಕದ ಮೇಜಿನವರೂ ಕುರ್ಚಿ ತಿರುಗಿಸಿಕೊಂಡರು. ಮತ್ತೆ ಅರ್ಜಿ ಬರೆಯಿರಿ, ನೋಡೋಣ ಎಂದರು. ಹದಿನೈದು ವರ್ಷ ನಾನೂ ಅದೇ ದನಿಯಲ್ಲಿ ಅದೇ ಮಾತು ಹೇಳಿದವನು. ಅದರ ಅರ್ಥ ಕೇಳುವ ಅಗತ್ಯವಿರಲಿಲ್ಲ.

ಹಾಗಾಗಿ ಗೋಣಿಚೀಲಗಳನ್ನು ಹೊಲಿಸಿದೆ. ದಿನಾ ಸಂಜೆ ದೀಪ ಹತ್ತುವ ಮೊದಲು ಏಣಿ ಹತ್ತಿ ಚಪ್ಪರಕ್ಕೆ ಹೊದಿಸುವುದು, ಬೆಳಗ್ಗೆ ಕಚೇರಿಗೆ ಹೋಗುವ ಮೊದಲು ತೆಗೆಯುವುದು. ಬೀದಿಯವರು ನಿಂತು ನೋಡುತ್ತಿದ್ದರು. “ಏನ್ ಸಾರ್, ಬಳ್ಳೀಗೆ ಬಾಣಂತನವಾ?” ಎಂದು ಒಬ್ಬರು ಕೇಳಿದರು. ಹಲ್ಲು ಕಿರಿದೆ.

ಅವ್ವನಿಗೆ ಅಷ್ಟರಲ್ಲಿ ಕೆಮ್ಮು ಹಿಡಿದಿತ್ತು. ಕಂಬಳಿ ಹೊದ್ದು ಒಳಕೋಣೆಯಲ್ಲೇ ಮಲಗಿರುತ್ತಿದ್ದಳು. ಒಂದು ಭಾನುವಾರ ಅವಳ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಕಳ್ಳ, ಅರ್ಜಿ, ದೀಪ, ಸೇವಂತಿಗೆ. “ನಿನ್ ಕೈ ಅಲ್ಲವ್ವ. ದೀಪ. ಅದನ್ನ ಹಾಕ್ಸಿದ್ದು ನಾನು.”

ಅವ್ವ ನಕ್ಕಳು. ಸಂಕ್ರಾಂತಿಯಾದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

“ನೀ ಚಿಕ್ಕೋನಾಗಿದ್ದಾಗ್ಲೂ ಹಿಂಗೇ. ಹೊಟ್ಟೆನೋವು ಯಾಕ್ಲಾ ಅಂದ್ರೆ ಹತ್ತು ಕಾರಣ ಹೇಳ್ತಿದ್ದೆ. ದೀಪ ಕಂಡ್ರೆ ಹೂ ಬಿಡ್ದೇ ಇರೋ ಗಿಡ ಎಲ್ಲಾದ್ರೂ ಇರ್ತದಾ? ದೇವ್ರ ಮುಂದೆ ದೀಪ ಹಚ್ತೀವಿ, ದೇವ್ರು ಕಣ್ ಮುಚ್ಕತಾನಾ?”

“ನಿಜ ಅವ್ವ. ಎದುರು ಮನೆಯವರು ಹೇಳಿದ್ರು.”

“ಸೂಲಂಗಿ ಕೊಟ್ಟೋರು ತಾನೆ?” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. “ನನ್ ಸಮಾಧಾನಕ್ಕೆ ಸುಳ್ ಹೇಳ್ಬ್ಯಾಡ ಕಣಪ್ಪ. ಹೋಗು, ಚಳೀಲಿ ಏಣಿ ಹತ್ಬ್ಯಾಡ.”

ನಲವತ್ತು ವರ್ಷ ಅವಳಿಗೆ ಸುಳ್ಳು ಹೆದರಿಕೆಗಳನ್ನೇ ಹೇಳುತ್ತ ಬಂದಿದ್ದೆ. ನಿಜ ಹೇಳಿದ ದಿನ ಅದನ್ನು ಇಡಲು ಅವಳ ಹತ್ತಿರ ಜಾಗವಿರಲಿಲ್ಲ.

ಏಣಿ ಹತ್ತುವುದನ್ನು ನಾನು ಬಿಡಲಿಲ್ಲ. ಆದರೆ ಕಾಲ ಮೀರಿತ್ತು. ಹಗಲು ಬೆಳೆಯುತ್ತಿತ್ತು, ಬಿಸಿಲು ಏರುತ್ತಿತ್ತು, ಚಪ್ಪರದ ಮೇಲಿನ ಎಲೆಗಳು ಹಳದಿಗೆ ತಿರುಗಿದವು. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ಹುಲ್ಲಿನ ಒಣಗರಿ ತೆಗೆಯಲು ಅದರ ಹಿಂದಕ್ಕೆ ಹೋದೆ. ಅವರೆಯ ಒಂದು ಕುಡಿ ಯಾವಾಗಲೋ ಚಪ್ಪರ ಬಿಟ್ಟು ಕೆಳಗಿಳಿದು ಹುಲ್ಲಿನ ಬೆನ್ನಿಗೆ ಹರಿದಿತ್ತು. ದೀಪಕ್ಕೂ ಅದಕ್ಕೂ ನಡುವೆ ಆಳೆತ್ತರದ ಹುಲ್ಲು ಗೋಡೆಯಂತೆ ನಿಂತಿತ್ತು. ಕಳ್ಳ ಕೂತಿರುತ್ತಾನೆ ಎಂದು ನಾನು ಹೆದರಿದ್ದ ಜಾಗ ಅದೇ. ಅಲ್ಲಿ, ನೆಲಕ್ಕೆ ಹತ್ತಿರದಲ್ಲಿ, ಐದು ಕಾಯಿ ಇದ್ದವು. ಬಲಿತಿದ್ದವು.

ನಾಲ್ಕನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು ಒಂದನ್ನು ಕಿತ್ತು ಒಳಗೆ ಓಡಿದೆ. ಅವ್ವನ ಅಂಗೈಯಲ್ಲಿಟ್ಟೆ. ಅವಳು ಕಾಯಿಯನ್ನು ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿದಳು. ಬಹಳ ಹೊತ್ತು ಹಿಡಿದಳು.

“ನಮ್ದೇ” ಎಂದಳು.

“ನೋಡಿದ್ಯಾ ಅವ್ವ. ನಿನ್ ಕೈ…”

“ನಂದಲ್ಲ ಕಣಪ್ಪ. ದಿನಾ ಏಣಿ ಹತ್ತಿ ಹೊದಿಸ್ದೋನು ನೀನು. ಇದು ನಿನ್ ಕೈದು.” ಕಾಯಿಯನ್ನು ನನ್ನ ಕೈಗೆ ವಾಪಸು ಹಾಕಿ ಬೆರಳುಗಳನ್ನು ಮಡಿಸಿದಳು. ಆ ಕುಡಿಗೆ ನನ್ನ ಗೋಣಿ ತಾಗಿರಲೇ ಇಲ್ಲ, ಅದನ್ನು ಕಾಯ್ದದ್ದು ಹುಲ್ಲು ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಸುಮ್ಮನಾದೆ. ಮಗನ ಕೈ ಆದರೂ ಉಳಿಯಿತಲ್ಲ ಎಂದು ಅವಳು ಸಂತೋಷಪಡುತ್ತಿದ್ದಳು. “ಕುಡಿಕೆ ಅಡುಗೆಮನೆ ಮೇಲಿನ ಹಲಗೆ ಮ್ಯಾಲದೆ. ಬೂದಿ ಹೊಸದು ಹಾಕು” ಎಂದಳು.

ಹೆಪ್ಪು ಹಾಕಲು ಅವಳು ಮತ್ತೆ ಏಳಲಿಲ್ಲ. ಯುಗಾದಿಗೆ ಇನ್ನೂ ನಾಲ್ಕು ದಿನ ಇರುವಾಗ ಹೋದಳು.

ನಾಲ್ಕು ಕಾಯಿಗೆ ಹದಿನಾಲ್ಕು ಬೀಜ ಬಂದವು. ಈಗ ಅವರೆಯನ್ನು ಹಿತ್ತಲಿನಲ್ಲಿ, ದೀಪದ ಬೆಳಕು ಬೀಳದ ಕಡೆ ಹಾಕುತ್ತೇನೆ. ಪ್ರತಿ ವರ್ಷ ಅರ್ಧ ಬೀಜವನ್ನು ತೆಗೆದಿಡುತ್ತೇನೆ, ಅರ್ಧದಲ್ಲಿ ಮತ್ತರ್ಧವನ್ನು ಇನ್ನೊಂದು ಕುಡಿಕೆಯಲ್ಲಿ. ಚಳಿಗಾಲಕ್ಕೆ ಕಾಯಿ ಬರುತ್ತದೆ. ಸಿಪ್ಪೆಯನ್ನು ಬೀದಿಗೆ ಚೆಲ್ಲುತ್ತೇನೆ, ಗುಡಿಸುವುದಿಲ್ಲ. ಎದುರು ಮನೆಯವರು ಈಗಲೂ ಪಂಚೆ ಎತ್ತಿಕೊಂಡು ದಾಟುತ್ತಾರೆ. ಮೊದಲ ಕಾಯಿಯನ್ನು ಉಜ್ಜಿ ಮೂಸಿ ನೋಡುತ್ತೇನೆ. ಸೊಗಡೇನೋ ಇದೆ. ಆದರೆ ಅದು ನಮ್ಮದೇ ಎಂದು ಹೇಳಬಲ್ಲ ಮೂಗು ಮನೆಯಲ್ಲಿ ಈಗ ಯಾರಿಗೂ ಇಲ್ಲ.

ಹುಲ್ಲು ಮುಂದುಗಡೆಯೇ ಇದೆ. ಒಮ್ಮೆ ಅಗೆದುಹಾಕಲು ಹೋದೆ. ಬೇರು ಆಳಕ್ಕಿಳಿದಿತ್ತು, ಗುದ್ದಲಿಯ ಕಾವು ಮುರಿಯಿತು, ಬೆರಳು ಮತ್ತೆ ಕೊಯ್ದುಕೊಂಡೆ. ಆಮೇಲೆ ಬಿಟ್ಟುಬಿಟ್ಟೆ.